ಸೀಟಿನಡಿಯ ಮೀನು

ಘಾಟಿಯ ಇಳಿಜಾರಿನಲ್ಲಿ ಗ್ಯೂಸೊಕ್ ತುಳಿದ ಬ್ರೇಕ್ ಪೆಡಲ್ ಅರ್ಧಕ್ಕೇ ನಿಂತುಬಿಟ್ಟಿತು. ಬಲವಾಗಿ ತುಳಿದರೂ ಕಲ್ಲು ತುಳಿದ ಹಾಗೆ. ಕೊರಿಯಾದ ಚುಸೊಕ್ ಹಬ್ಬಕ್ಕೆ ಊರಿಗೆ ಹೊರಟ ವಾಹನಸಾಲಿನಲ್ಲಿ ನಿಂತಿದ್ದ ಲಾರಿಯ ಬೆನ್ನು ದೊಡ್ಡದಾಗುತ್ತಾ ಬಂತು.

“ರೀ, ನಿಲ್ಸ್ರೀ!” ಪಕ್ಕದಲ್ಲಿದ್ದ ಹೆಂಡತಿ ಹೇರಿಮ್ ಕಿರುಚಿದಳು.

“ಬ್ರೇಕ್ ಹಿಡೀತಿಲ್ಲ ಕಣೇ!”

“ಪ್ಯಾಡ್ ಸವೆದಿದೆ ಅಂತ ಮೆಕ್ಯಾನಿಕ್ ಬಡ್ಕೊಂಡ! ರಿಪೇರಿಗೆ ಎಂಟು ಲಕ್ಷ ವೊನ್ ಕೊಡೋದು ಜಾಸ್ತಿ ಆಯ್ತು ಅಂತ ನೀವೇ…” ಹಿಂದಿನ ಸೀಟಿನಲ್ಲಿ ಅವನ ತಾಯಿ ನಿದ್ದೆಹೋಗಿದ್ದ ಮೊಮ್ಮಗಳ ಮೇಲೆ ಬಾಗಿಕೊಂಡರು. ಗ್ಯೂಸೊಕ್ ಗೇರ್ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದ. ಗಾಡಿ ರಸ್ತೆಯಂಚಿನ ಕಬ್ಬಿಣದ ತಡೆಗೆ ಉಜ್ಜಿಕೊಂಡು, ಲಾರಿಗೆ ಒಂದು ಮಾರು ಹಿಂದೆ ನಿಂತಿತು.

ಅವನು ಬಗ್ಗಿ ಕೈಯನ್ನು ಪೆಡಲ್ ಕೆಳಗೆ ತೂರಿಸಿದ. ಸಿಕ್ಕಿದ್ದು ಬಿಳಿ ದಾರ ಸುತ್ತಿದ ಒಣ ಮೀನು. ರಿಪೇರಿ ಆಮೇಲೆ ಮಾಡಿಸಿದರಾಯಿತು, ಇದಿದ್ದರೆ ಗಾಡಿಗೆ ಏನೂ ಆಗದು ಎಂದು ತಾಯಿ ಬೆಳಿಗ್ಗೆ ಚಕ್ರಗಳಿಗೆ ಅಕ್ಕಿಹೆಂಡ ಸುರಿದು, ಪೂಜೆ ಮಾಡಿ, ಸೀಟಿನಡಿ ಇಟ್ಟಿದ್ದ ಮೀನು. ಇಳಿಜಾರಿನಲ್ಲಿ ಮುಂದಕ್ಕೆ ಜಾರಿ ಬಂದಿದ್ದ ಅದರ ತಲೆಯ ಮೇಲೆ ಪೆಡಲಿನ ಗೆರೆಗಳು ಒತ್ತಿದ್ದವು.

ಹಿಂದೆ ತಾಯಿ ಕೈಮುಗಿದು ಅಳುತ್ತಿದ್ದರು. “ನೋಡಿದ್ಯೇನೋ? ಆ ಮೀನೇ ಕಾಪಾಡ್ತು ಕಣೋ! ಅಲ್ಲೇ ಇದೆ ತಾನೆ?”

ಹೇರಿಮ್ ಅದನ್ನು ಗಂಡನ ಕೈಯಿಂದ ಕಿತ್ತು ತನ್ನ ಕೋಟಿನೊಳಗೆ ತುರುಕಿಕೊಂಡಳು.

“ಇದೆ, ಅತ್ತೆ,” ಎಂದಳು.