ಮಂಚದಡಿಯ ಪೆಟ್ಟಿಗೆ

ಬಸ್ ಡಿಪೋದ ಮೆಕ್ಯಾನಿಕನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಅವನ ಮೂಗಿಗೆ ಡೀಸೆಲ್ಲೂ ಒಂದೇ, ಸಾಬೂನೂ ಒಂದೇ. ಹಾಗಾಗಿ ಮಳೆಗಾಲದಲ್ಲಿ ಆಗಾಗ ಮಂಚದಡಿಯ ಮರದ ಪೆಟ್ಟಿಗೆಯನ್ನು ಹೊರಗೆಳೆದು ಹೆಂಡತಿಯನ್ನು ಕರೆಯುತ್ತಿದ್ದ.

“ನುಸಿಗುಳಿಗೆ ವಾಸನೆ ಇನ್ನೂ ಇದೆಯಾ ನೋಡೇ.”

ಅವಳು ಬಗ್ಗಿ ಮುಚ್ಚಳದ ಸಂದಿಗೆ ಮೂಗು ಒಡ್ಡಿದಳು. “ಇದೆ. ನನ್ನ ಮೂಗಲ್ಲಿ ಎಷ್ಟು ದಿನ ಸಂಸಾರ ಮಾಡ್ತೀರಿ? ನಿಮ್ಮದು ಕನ್ನಡಕ ನಿಲ್ಲಿಸೋಕಷ್ಟೇ ಆಯ್ತು.”

ಅವನು ನಕ್ಕು ಪೆಟ್ಟಿಗೆಯನ್ನು ಒಳಗೆ ತಳ್ಳಿದ. ಡಿಪೋದ ಗೋಡೆ ದೀಪಕ್ಕೆ ಬಂದು, ಬೆಳಗ್ಗೆ ಅಲ್ಲೇ ಕೂತಿರುತ್ತಿದ್ದ ಪತಂಗಗಳನ್ನು ಅವನು ವರ್ಷಗಳಿಂದ ತಂದು, ಸೂಜಿ ಚುಚ್ಚಿ, ಹೆಸರು ಹುಡುಕಿ ಬರೆದಿಟ್ಟಿದ್ದ. ಗುಳಿಗೆ ಕರಗಿದರೆ ಪತಂಗಗಳನ್ನು ನುಸಿ ತಿನ್ನುತ್ತದೆ. ತೆರೆದು ನೋಡೋಣವೆಂದರೆ ಮಳೆಗಾಲದ ತೇವ ಒಳಗೆ ಹೋಗುತ್ತದೆ.

ಮಳೆ ನಿಂತ ಮೇಲೆ ಕಾಲೇಜಿನ ಪ್ರಾಧ್ಯಾಪಕಿ ಮನೆಗೆ ಬಂದರು. ಪೆಟ್ಟಿಗೆಯ ಒಂದು ಬೂದು ಪತಂಗದ ಹೆಸರು ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಅವನು ಕಳಿಸಿದ್ದ ಅದರ ಫೋಟೊವನ್ನು ಅವರು ನೋಡಿದ್ದರು. ಮೆಕ್ಯಾನಿಕ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟಿದ್ದ.

“ಫೋಟೊ ಸಾಲಲ್ಲ, ಮೈ ಬಿಡಿಸಿ ನೋಡ್ಬೇಕು,” ಎಂದರು. “ಹೊಸ ಜಾತಿ ಅಂತ ಗೊತ್ತಾದ್ರೆ ನಿಮ್ಮ ಹೆಸರೇ ಇಡೋಣ.”

ಅವನು ಮುಚ್ಚಳ ತೆಗೆದ. ಪ್ರಾಧ್ಯಾಪಕಿ ಬಗ್ಗಿದವರು ಹಾಗೇ ನಿಂತರು. “ಗುಳಿಗೆ ಹಾಕಿರಲಿಲ್ವಾ?”

“ಹಾಕಿದ್ದೆ. ಮೊನ್ನೆಯವರೆಗೂ ವಾಸನೆ ಇತ್ತು.”

“ಇದರ ವಾಸನೆ ಹೋಗಿ ತಿಂಗಳುಗಳೇ ಆಗಿವೆ.”

ಅವನು ಹೆಂಡತಿಯ ಕಡೆ ತಿರುಗಿದ. ಅವಳು ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು. “ಇಲ್ಲ ಅಂದಿದ್ರೆ ಮತ್ತೆ ಒಂದು ಹಿಡಿ ಸುರೀತಿದ್ರಿ. ಅದರ ಮೇಲೇ ಮಲಗೋಳು ನಾನು. ತಲೆ ಸಿಡಿಯುತ್ತೆ, ಬೇರೆ ಕಡೆ ಇಡಿ ಅಂತ ಎಷ್ಟು ಸಲ ಹೇಳಲಿಲ್ಲ?”

“ನೀನು ಹೇಳಿದ್ದೆ,” ಎಂದ ಅವನು.

ಪ್ರಾಧ್ಯಾಪಕಿ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡರು. ಪೆಟ್ಟಿಗೆಯಲ್ಲಿ ಸೂಜಿಗಳೆಲ್ಲ ನೆಟ್ಟಗೆ ನಿಂತಿದ್ದವು, ಬುಡದಲ್ಲಿ ಅವನ ಕೈಬರಹದ ಚೀಟಿಗಳು, ಸುತ್ತ ಕಂದು ಪುಡಿ. ಹೆಸರಿದ್ದ ಪತಂಗಗಳು ನೂರ ಹನ್ನೆರಡು ಹೋಗಿದ್ದವು. ಹೆಸರಿಲ್ಲದ್ದೂ ಒಂದು.