ಎಂಟಡಿ ನೀರು

ಮಾಸ್ತಮ್ಮ ಬಚ್ಚಲಮನೆಯಿಂದ ಒದ್ದೆ ಚಡ್ಡಿಯೊಂದನ್ನು ಹಿಡಿದು ನೇರ ನಡುಮನೆಗೆ ಬಂದಳು. ಕಾಂತರಾಜ್ ಆಗ ತಾನೇ ಊಟಕ್ಕೆ ಕೂತಿದ್ದ.

"ಬ್ಲೀಚಿಂಗ್ ಪೌಡರ್ ನಾತ ಹೊಡೀತೈತಲ್ಲೋ. ಎಲ್ಲಿ ಬಿದ್ದು ಬಂದೆ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಶಿವಮೊಗ್ಗದಲ್ಲಿ ಈಜು ಕಲೀತಿದೀನಿ ಕಣವ್ವ. ಹದಿನೈದು ದಿನ ಆಯ್ತು."

ಮಾಸ್ತಮ್ಮ ಗೋಡೆಗೊರಗಿ ಕೂತಳು. ಮೂವತ್ತು ವರ್ಷದ ಹಿಂದೆ ಹೊಳೆಹೊನ್ನೂರಿನ ತವರಿಗೆ ಹೋಗಿದ್ದಾಗ ಹಿರಿಮಗ ಧರ್ಮೇಂದ್ರ ಭದ್ರೆಗೆ ಇಳಿದವನು ಮೇಲೆ ಬರಲಿಲ್ಲ. ಅಂದಿನಿಂದ ಕಿರಿಯವನನ್ನು ಅವಳು ಹೊಳೆಯ ದಂಡೆಗೂ ಬಿಟ್ಟಿರಲಿಲ್ಲ. ಭದ್ರಾವತಿಯಲ್ಲೇ ಹುಟ್ಟಿ ಬೆಳೆದರೂ, ಮೂವತ್ತೇಳು ದಾಟುವವರೆಗೆ ಕಾಂತರಾಜ್ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವನಲ್ಲ.

ಊರಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸ ನಿಂತ ಮೇಲೆ ಅವನು ಓಲ್ಡ್ ಟೌನಿನ ಶೆಡ್ಡೊಂದರಲ್ಲಿ ಕಿಟಕಿ, ಗೇಟು ವೆಲ್ಡಿಂಗ್ ಮಾಡುತ್ತಿದ್ದ. ದಪ್ಪ ದಪ್ಪ ಪೈಪು ಬೆಸೆದು ಪಳಗಿದ ಕೈಗೆ ಅದೊಂದು ಕೆಲಸವೇ ಅಲ್ಲ. ಹೋದ ತಿಂಗಳು, ಆಂಧ್ರದ ಕಡಲಲ್ಲಿ ಗ್ಯಾಸ್ ತೆಗೆಯುವ ಕಂಪನಿಯೊಂದು ವೆಲ್ಡರುಗಳನ್ನು ಕರೆದಿತ್ತು. ಅವನ ಬೆಸುಗೆಯನ್ನು ಎಕ್ಸ್‌ರೇ ತೆಗೆದು ನೋಡಿದವರಿಗೆ ಕೂದಲೆಳೆಯಷ್ಟೂ ಬಿರುಕು ಸಿಗಲಿಲ್ಲ. ಉಳಿದದ್ದು ನೀರಿನ ಪರೀಕ್ಷೆ. ಅತ್ತೆಗೆ ಈಗಲೇ ಹೇಳಬೇಡಿ ಎಂದವಳು ಹೆಂಡತಿ ಪೂಜಿತಾ. ಅವಳೀಗ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಕಾಂತರಾಜ್ ಅವ್ವನಿಗೆ ಕಡಲಿನ ಕೆಲಸದ ವಿಷಯ ಹೇಳಿದ.

"ಗ್ಯಾಸಿಗೆ ಸಮುದ್ರಕ್ಕೆ ಯಾಕೆ ಹೋಗ್ಬೇಕು?" ಮಾಸ್ತಮ್ಮ ಕೇಳಿದಳು.

"ಸಮುದ್ರದ ತಳದಲ್ಲಿ ಬಾವಿ ಕೊರೆದಿದಾರೆ. ಅಲ್ಲಿಂದ ಗ್ಯಾಸು ಪೈಪಲ್ಲಿ ದಡಕ್ಕೆ ಬರುತ್ತೆ. ನೀರಿನ ಮೇಲೆ ಕಬ್ಬಿಣದ ಅಟ್ಟ ಕಟ್ಟಿರ್ತಾರೆ, ನಮ್ಮ ಕೆಲಸ ಏನಿದ್ರೂ ಅದರ ಮೇಲೆ. ನಾನು ನೀರಿಗೆ ಇಳಿಯೋದೇ ಇಲ್ಲ."

"ಇಳಿಯದೇ ಇರೋನಿಗೆ ಈಜು ಯಾಕೆ?"

ಕಾಂತರಾಜ್ ಕಲಸಿದ ಅನ್ನವನ್ನೇ ಮತ್ತೆ ಕಲಸಿದ. ಆ ಅಟ್ಟಕ್ಕೆ ಹೋಗುವುದು ಹೆಲಿಕಾಪ್ಟರಿನಲ್ಲಿ, ಅದು ಕಡಲಿಗೆ ಬಿದ್ದರೆ ಪಾರಾಗಲೆಂದು ಪರೀಕ್ಷೆಯಲ್ಲಿ ಅಂಥದೇ ಪೆಟ್ಟಿಗೆಯಲ್ಲಿ ಕೂರಿಸಿ ನೀರೊಳಗೆ ತಲೆಕೆಳಗು ಮಾಡುತ್ತಾರೆ, ಉಸಿರು ಬಿಗಿಹಿಡಿದು ಹೊರಗೆ ಬರಬೇಕು ಎಂಬುದನ್ನು ಅವನು ಪೂಜಿತಾಗೂ ಹೇಳಿರಲಿಲ್ಲ.

"ಬಿದ್ರೆ ಮೇಲೆ ಬರೋಕೆ," ಅಂದ ಕೊನೆಗೆ.

ಮಾಸ್ತಮ್ಮ ಎದ್ದು ಚಡ್ಡಿಯನ್ನು ಹಿಂಡಿ ಹಗ್ಗದ ಮೇಲೆ ಹರವಿದಳು. "ನಾಳೆ ನಾನೂ ಬರ್ತೀನಿ," ಅಂದಳು.

ಬೆಳಿಗ್ಗೆ ಮೊದಲ ಬಸ್ಸಿಗೇ ತಾಯಿ ಮಗ ಶಿವಮೊಗ್ಗಕ್ಕೆ ಹೋದರು. ಅಲ್ಲಿನ ಈಜುಕೊಳದಲ್ಲಿ ಕಲಿಸುವ ಮೈತ್ರಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಹದಿನೈದು ದಿನದಿಂದ ಕಾಂತರಾಜ್ ದಿನಾ ಅರ್ಧ ಕೊಳದವರೆಗೆ ಹೋಗಿ ಪಕ್ಕದಲ್ಲಿ ತೇಲುವ ಹಗ್ಗ ಹಿಡಿದುಕೊಳ್ಳುತ್ತಿದ್ದ.

"ಸರ್, ಇವತ್ತು ಆಳದ ಕಡೆಯ ಅಂಚು ಮುಟ್ಟಬೇಕು. ಹಗ್ಗ ಮುಟ್ಟೋ ಹಾಗಿಲ್ಲ."

ಮಾಸ್ತಮ್ಮ ಮಗನ ಟವೆಲನ್ನು ಎದೆಗವಚಿಕೊಂಡು ಕೇಳಿದಳು, "ಎಷ್ಟು ಆಳ ಐತಮ್ಮಾ?"

"ಎಂಟಡಿ ಅಜ್ಜಿ. ಜಾಸ್ತಿ ಏನಿಲ್ಲ."

"ಅವತ್ತು ಹೊಳೇಲೂ ಅಷ್ಟೇ ಇತ್ತಂತೆ."

ಮೈತ್ರಿಗೆ ಅರ್ಥವಾಗಲಿಲ್ಲ. ಕಾಂತರಾಜ್ ಕೇಳಿಸದವನಂತೆ ನೀರಿಗೆ ಇಳಿದ.

ಅರ್ಧದವರೆಗೆ ಕೈಕಾಲು ಹೇಳಿದ ಮಾತು ಕೇಳಿದವು. ಆಮೇಲೆ ಸೊಂಟ ಕೆಳಗೆ ಜಗ್ಗಿತು. ಮೂಗಿಗೆ ನೀರು ನುಗ್ಗಿ ನೆತ್ತಿ ಉರಿಯಿತು. ಹಗ್ಗ ಕೈಗೆಟಕುವಷ್ಟು ಹತ್ತಿರದಲ್ಲೇ ತೇಲುತ್ತಿತ್ತು. ಕೈ ತಾನಾಗಿಯೇ ಅತ್ತ ಚಾಚಿತು. ದಡದಲ್ಲಿ ಅವ್ವ ನೋಡುತ್ತಿದ್ದಾಳೆ ಎಂಬುದೊಂದೇ ತಲೆಯಲ್ಲಿತ್ತು. ಅವನು ಕೈ ಹಿಂದಕ್ಕೆಳೆದುಕೊಂಡ. ಕಣ್ಣು ಮುಚ್ಚಿ, ಹೇಗೋ ಏನೋ ನೀರು ಬಡಿಯುತ್ತ ಹೋದ. ಬೆರಳಿಗೆ ಟೈಲ್ಸ್ ಅಂಚು ತಗುಲಿದಾಗ ಅದನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದ.

ಮೈತ್ರಿ ಚಪ್ಪಾಳೆ ತಟ್ಟಿದಳು. ಅವನು ಮುಖದ ನೀರು ಒರೆಸಿಕೊಂಡು ದಡದತ್ತ ನೋಡಿದ. ಮಾಸ್ತಮ್ಮ ಕೊಳಕ್ಕೆ ಬೆನ್ನು ಹಾಕಿ, ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

"ಅವ್ವಾ!"

ಅವಳು ತಿರುಗಲಿಲ್ಲ. "ಮುಟ್ಟಿದೆಯೇನೋ?"

"ಮುಟ್ಟಿದೆ ಕಣವ್ವ."

ಆಗ ಮೆಲ್ಲಗೆ ತಿರುಗಿದಳು. ಮೊದಲು ಅಂಚು ಹಿಡಿದಿದ್ದ ಅವನ ಕೈಗಳನ್ನು, ಆಮೇಲೆ ಅವನ ಹಿಂದೆ ಇನ್ನೂ ಅಲ್ಲಾಡುತ್ತಿದ್ದ ನೀರನ್ನು ನೋಡಿದಳು. ಸೀರೆ ಒದ್ದೆಯಾದೀತೆಂಬ ಪರಿವೆಯೂ ಇಲ್ಲದೆ ಬಂದು ಕೊಳದ ಅಂಚಿನಲ್ಲೇ ಕೂತಳು.

"ನಾನು ನೋಡ್ಲಿಲ್ಲ," ಅಂದಳು. "ಇನ್ನೊಂದ್ ಸಲ ಹೋಗು."