ಬೀಳಲು ಒಪ್ಪದವಳು

"ವರ್ದಿಯಾ, ಇವತ್ತು ನೀನು ತಿಜಿರಿ ಜೊತೆ," ಎಂದರು ಅಕ್ಲಿ ಮೇಷ್ಟ್ರು. ಬೆಜಾಯಾ ಬಂದರಿನ ಹಿಂದಿರುವ ಆ ಜೂಡೋ ಕ್ಲಬ್ಬಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಹೋದ ವರ್ಷ ಇದೇ ಮ್ಯಾಟಿನ ಮೇಲೆ ವರ್ದಿಯಾಳ ಎಡಮಂಡಿಯ ಲಿಗಮೆಂಟ್ ಹರಿದದ್ದು ತಿಜಿರಿಯ ಜೊತೆ ಆಡುವಾಗಲೇ.

ವರ್ದಿಯಾ ಮೇಷ್ಟ್ರ ಹತ್ತಿರ ಹೋಗಿ ದನಿ ತಗ್ಗಿಸಿದಳು. "ನಿನ್ನೆನೇ ಹೇಳಿದ್ನಲ್ಲ ಮೇಷ್ಟ್ರೇ, ನನ್ನ ಆಟ ಮುಗೀತು. ಇನ್ಮೇಲೆ ಚಿಕ್ಕ ಮಕ್ಕಳಿಗೆ ಹೇಳ್ಕೊಡ್ತೀನಿ."

"ಹೇಳ್ಕೊಡು, ಬೇಡ ಅಂದೋರು ಯಾರು? ಮಕ್ಕಳಿಗೆ ಮೊದಲ್ನೇ ಪಾಠ ಏನು?"

"ಬೀಳೋದು."

"ನೀನು ಬಿದ್ದು ಎಷ್ಟು ಕಾಲ ಆಯ್ತು, ತಾಯಿ?"

ವರ್ದಿಯಾ ತಿಜಿರಿಯ ಎದುರಿಗೆ ಹೋಗಿ ನಿಂತಳು. ಆಪರೇಷನ್ ಮಾಡಿದ ಡಾಕ್ಟರು "ಧಾರಾಳವಾಗಿ ಆಡಮ್ಮ" ಎಂದು ಹೇಳಿ ತಿಂಗಳುಗಳೇ ಕಳೆದಿದ್ದವು. ಮೊದಮೊದಲು ಗುರಾಯಾ ಅಮ್ಮನ ದರ್ಗಾಕ್ಕೆ ಬೆಟ್ಟ ಹತ್ತುವ ಮುದುಕಿಯರು ಅವಳನ್ನು ಹಿಂದೆ ಹಾಕಿ, "ಕೈ ಹಿಡ್ಕೊಳ್ಳಲಾ ಮಗಳೇ?" ಎಂದು ನಗುತ್ತಿದ್ದರು. ಈಗ ಅದೇ ಬೆಟ್ಟವನ್ನು ಅವಳು ಓಡುತ್ತಲೇ ಹತ್ತುತ್ತಿದ್ದಳು. ಆದರೆ ಮ್ಯಾಟಿನ ಮೇಲೆ ಯಾರಾದರೂ ಕೊರಳಪಟ್ಟಿ ಹಿಡಿದು ಎಳೆದರೆ ಸಾಕು, ಮೈ ಕೊರಡಾಗುತ್ತಿತ್ತು. ಎದುರಾಳಿ ಎತ್ತಿ ಒಗೆಯುವ ಮೊದಲೇ ತಾನಾಗಿ ಕುಸಿದು ಕೂತುಬಿಡುತ್ತಿದ್ದಳು. "ಪರವಾಗಿಲ್ಲ ಬಿಡು" ಎನ್ನುತ್ತಿದ್ದರು ಜೊತೆಯವರು. ಆ ಮಾತು ಕೇಳಿ ಕೇಳಿಯೇ ಅವಳಿಗೆ ಆಟ ಸಾಕಾಗಿತ್ತು.

ಇಬ್ಬರೂ ಬಾಗಿ ವಂದಿಸಿದರು. ತಿಜಿರಿ ಅವಳಿಗಿಂತ ಚಿಕ್ಕವಳು, ಎತ್ತರದವಳು. ಎತ್ತಿ ಒಗೆಯುವುದರಲ್ಲಿ ಇಡೀ ಊರಿಗೇ ಹೆಸರಾದವಳು. ತೋಳು ಹಿಡಿದಳು, ಒಳಗೆ ನುಗ್ಗಿದಳು, ಎತ್ತಲು ಸೊಂಟ ಕೊಟ್ಟಳು, ಅಲ್ಲಿಗೆ ಕೈಬಿಟ್ಟು ಹಿಂದೆ ಸರಿದಳು. ಮತ್ತೆ ನುಗ್ಗಿದಳು, ಮತ್ತೆ ಕೈಬಿಟ್ಟಳು. ಮೂರನೆಯ ಸಲ ವರ್ದಿಯಾಳಿಗೆ ರೇಗಿಹೋಯಿತು.

"ಏನೇ ಇದು? ಕರುಣೆ ತೋರಿಸ್ತಿದ್ದೀಯಾ ನಂಗೆ?"

"ಇಲ್ಲ ಅಕ್ಕ."

"ಮತ್ತೆ? ಒಳಗೆ ಬರ್ತೀಯ, ಬಿಟ್ಟು ಓಡ್ತೀಯ!"

"ಯಾರ ಜೊತೆ ಆಡಿದ್ರೂ ಹಿಂಗೇ ಆಗುತ್ತೆ." ತಿಜಿರಿಯ ಕಿವಿಗಳು ಕೆಂಪಾಗಿದ್ದವು. "ಆವತ್ತಿಂದ ನಾನು ಯಾರನ್ನೂ ಎತ್ತಿ ಒಗೆದಿಲ್ಲ. ಎತ್ತೋ ಹೊತ್ತಿಗೆ ಆ ಸದ್ದು ಕೇಳುತ್ತೆ."

"ಯಾವ ಸದ್ದು?"

"ನಿನ್ನ ಮಂಡೀದು. ಲಟ್ ಅಂತ."

ಆ ಸದ್ದು ವರ್ದಿಯಾಳಿಗೆ ಕೇಳಿಸಿರಲೇ ಇಲ್ಲ. ಆವತ್ತು ಬೀಳಬಾರದೆಂದು ಹಟ ಹಿಡಿದು ಕಾಲೂರಿ ನಿಂತದ್ದು ನೆನಪಿತ್ತು. ಮೈ ತಿರುಗಿತ್ತು, ಪಾದ ತಿರುಗಿರಲಿಲ್ಲ. ಆಮೇಲೆ ತನ್ನದೇ ಕಿರುಚಾಟದಲ್ಲಿ ಬೇರೇನೂ ಕಿವಿಗೆ ಬಿದ್ದಿರಲಿಲ್ಲ. ಅವಳು ಕೇಳದೇ ಹೋದದ್ದನ್ನು ಈ ಹುಡುಗಿ ಇಷ್ಟು ದಿನ ಹೊತ್ತು ತಿರುಗುತ್ತಿದ್ದಳು.

"ಅದಕ್ಕೇ ಒಂದು ಸಲಾನೂ ನೋಡೋಕೆ ಬರ್ಲಿಲ್ವಾ?"

"ಬಂದಿದ್ದೆ. ನಿಮ್ಮ ಬಿಲ್ಡಿಂಗ್ ಮೆಟ್ಟಿಲವರೆಗೂ. ಅಮ್ಮ ಖರ್ಜೂರದ ಸಿಹಿ ಮಾಡಿ ಕಳಿಸಿದ್ರು. ಮೇಲೆ ಹತ್ತೋಕೆ ಧೈರ್ಯ ಬರ್ಲಿಲ್ಲ."

"ಸಿಹಿ ಏನಾಯ್ತು?"

"ಅಲ್ಲೇ ಕೂತು ಅಳ್ತಾ ನಾನೇ ತಿಂದೆ."

"ಎಲ್ಲಾನೂ?"

"ಎಲ್ಲಾನೂ."

ವರ್ದಿಯಾಳಿಗೆ ಬೇಡವೆಂದರೂ ನಗು ಬಂತು. ನಕ್ಕಾಗ ಹೆಗಲು ಸಡಿಲಾದದ್ದು ಅವಳಿಗೇ ಗೊತ್ತಾಯಿತು. ಮುಂದೆ ಬಂದು ತಿಜಿರಿಯ ಕೈಯನ್ನು ತಾನೇ ಹಿಡಿದು ತನ್ನ ಕೊರಳಪಟ್ಟಿಗೆ ಇಟ್ಟುಕೊಂಡಳು. "ಒಗಿ."

"ಅಕ್ಕ, ಬೇಡ..."

"ಒಗಿಯೇ. ಈ ಸಲ ಕಾಲು ಊರಲ್ಲ, ನಿನ್ನಾಣೆ."

ತಿಜಿರಿ ಮೇಷ್ಟ್ರ ಕಡೆ ನೋಡಿದಳು. ಅವರು ಕಿಟಕಿಯಾಚೆ ಹಡಗು ನೋಡುತ್ತಿರುವವರಂತೆ ನಿಂತಿದ್ದರು. ತಿಜಿರಿ ಕಣ್ಣು ಮುಚ್ಚಿ ಒಳಗೆ ನುಗ್ಗಿದಳು. ವರ್ದಿಯಾಳ ಮೈ ಬಿಗಿಯಲು ಹೊರಟಿತು, ಅವಳು ಹಲ್ಲು ಕಚ್ಚಿ ಬಿಟ್ಟುಕೊಟ್ಟಳು. ನೆಲ ಕಾಲಡಿಯಿಂದ ಜಾರಿತು, ಚಾವಣಿ ಒಂದು ಸುತ್ತು ಸುತ್ತಿತು. ಬೆನ್ನು ಮ್ಯಾಟಿಗೆ ತಾಗುವ ಹೊತ್ತಿಗೆ, ಪೆಟ್ಟಾಗದಂತೆ ಬೀಳಲು ಏಳು ವರ್ಷದವಳಿದ್ದಾಗ ಕಲಿತ ಹಾಗೇ, ಅವಳ ಕೈ ತಾನಾಗಿ ನೆಲ ಬಡಿಯಿತು.

ಸುತ್ತಲಿದ್ದವರು ಆಟ ನಿಲ್ಲಿಸಿ ನೋಡುತ್ತಿದ್ದರು. ವರ್ದಿಯಾ ಎಡಮಂಡಿ ಮುಟ್ಟಿ ನೋಡಿಕೊಳ್ಳಲಿಲ್ಲ. ಎದ್ದು ಬಂದು ಅಂಗಿ ಸರಿಮಾಡಿಕೊಂಡು, "ಕಣ್ಣು ಬಿಟ್ಕೊಂಡು ಒಗಿ ಈಗ," ಎಂದಳು.

ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಒಂದು ಸಲ ಬಿದ್ದಲ್ಲೇ ನಕ್ಕಳು. ತಿಜಿರಿಗೂ ಬೆವರಿಳಿದು ಹುಮ್ಮಸ್ಸು ಬಂದಿತ್ತು. "ಹಳೇ ಕಾಲದವಳು ನೀನು, ಸಾಕು ಬಿಡು," ಎಂದು ಕೆಣಕಿ ಮತ್ತೆ ನುಗ್ಗಿದಳು. ವರ್ದಿಯಾ ಏನನ್ನೂ ಯೋಚಿಸಲಿಲ್ಲ. ತೋಳು ಎಳೆದಳು, ಗಿರ್ರನೆ ತಿರುಗಿದಳು, ಬಲಗಾಲನ್ನು ಹಿಂದಕ್ಕೆ ಬೀಸಿ ಎತ್ತಿದಳು. ತಿಜಿರಿಯ ಉದ್ದನೆಯ ದೇಹ ಗಾಳಿಯಲ್ಲಿ ಹೊರಳಿ ಧೊಪ್ಪೆಂದು ಮ್ಯಾಟಿಗೆ ಬಿತ್ತು.

ತಿಜಿರಿ ಅಂಗಾತ ಬಿದ್ದಲ್ಲಿಂದಲೇ ಬೆರಳು ತೋರಿಸಿದಳು.

"ಅಕ್ಕ... ಒಂದೇ ಕಾಲಲ್ಲಿ ನಿಂತಿದ್ದೀಯ."

ಬಲಗಾಲು ಇನ್ನೂ ಗಾಳಿಯಲ್ಲಿತ್ತು. ವರ್ದಿಯಾ ಮೆಲ್ಲಗೆ ತಲೆ ತಗ್ಗಿಸಿ, ತನ್ನನ್ನು ಹೊತ್ತು ನಿಂತ ಎಡಗಾಲನ್ನು ನೋಡಿದಳು.